ಅಕ್ಕನ ದೊಡ್ಡ ಚೀಲ

ಬೈಂದೂರಿನ ಕಡಲ ತೀರದ ಲಾಡ್ಜಿನಲ್ಲಿ ಅಕ್ಕ ಚೀಲದ ಜಿಪ್ ಎಳೆದವಳು ಹಾಗೆಯೇ ನಿಂತುಬಿಟ್ಟಳು. ಒಂದೇ ರಾತ್ರಿ ಉಳಿಯಲು ಇಷ್ಟು ದೊಡ್ಡ ಚೀಲ ಯಾಕೆ ಎಂದು ನಾನು ಬಸ್ಸಿನಲ್ಲಿ ತಮಾಷೆ ಮಾಡುತ್ತಲೇ ಬಂದಿದ್ದೆ. ಈಗ ಇಣುಕಿ ನೋಡಿದೆ. ಮೇಲೆಯೇ ರಬ್ಬರ್ ಶೀಟ್, ಅದರಡಿ ಬಿಸಿನೀರಿನ ಫ್ಲಾಸ್ಕ್, ಡಯಾಪರಿನ ಕಟ್ಟು, ಗಂಜಿ ಕುಡಿಸುವ ಚಮಚ. ಅಕ್ಕನ ಸೀರೆ ಒಂದೇ ಒಂದು, ತಳದಲ್ಲಿ ಮುದುಡಿಕೊಂಡಿತ್ತು.

ಹಾಸಿಗೆ ಹಿಡಿದ ಅಮ್ಮನನ್ನು ವರ್ಷಗಟ್ಟಲೆ ನೋಡಿಕೊಂಡವಳು ಅಕ್ಕ. ಆಸ್ಪತ್ರೆಗಲ್ಲದೆ ಬೇರೆಲ್ಲಿಗೂ ಹೊರಟವಳಲ್ಲ. ಚೀಲ ತುಂಬುವುದೆಂದರೆ ಅವಳಿಗೆ ಅಮ್ಮನ ಸಾಮಾನು ತುಂಬುವುದೇ ಆಗಿತ್ತು. ಅಮ್ಮ ತೀರಿಕೊಂಡ ಮೇಲೆ ನಾನೇ ಒತ್ತಾಯ ಮಾಡಿ ಅವಳನ್ನು ಇಲ್ಲಿಗೆ ಕರೆತಂದಿದ್ದೆ.

"ಅಮ್ಮ ಇನ್ನಿಲ್ಲೆ ಅಂದೇಳಿ ನಂಗ್ ಗೊತ್ತಿತ್ತ್," ಎಂದಳು ಅಕ್ಕ, ಮೆಲ್ಲಗೆ. "ಈ ಕೈಗ್ ಗೊತ್ತಿಲ್ಲೆ ಕಾಣ್."

ಇಬ್ಬರೂ ಕುಳಿತು ಒಂದೊಂದನ್ನೇ ಹೊರತೆಗೆದು, ಮತ್ತೆ ಒಳಗಿಟ್ಟೆವು. ಸಂಜೆ ನೀರಿನಂಚಿಗೆ ಹೋದಾಗ ಬರಿಗೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು. ನಾನು ಅವಳ ಕೈ ಹಿಡಿದುಕೊಂಡೆ. ಕತ್ತಲಾಗುವವರೆಗೂ ಬಿಡಲಿಲ್ಲ.

ಮೊನ್ನೆ ಇನ್ನೊಮ್ಮೆ ಇಬ್ಬರೂ ಕಡಲು ನೋಡಲು ಮರವಂತೆಗೆ ಹೊರಟಾಗ ಅಕ್ಕ ಹೆಗಲಿಗೆ ಒಂದು ಸಣ್ಣ ಬ್ಯಾಗು ಹಾಕಿಕೊಂಡು ಕುಂದಾಪುರದ ಬಸ್ ನಿಲ್ದಾಣಕ್ಕೆ ಬಂದಳು. "ಇಷ್ಟ್ ಸಾಕಲ್ದಾ?" ಎಂದು ಕೇಳಿದಳು. ಸಾಕು ಎಂದೆ. ಅವಳು ಹಗುರಾದದ್ದಕ್ಕೆ ನಾನು ಸಂತೋಷಪಡಬೇಕಿತ್ತು. ಯಾಕೋ, ಅಮ್ಮ ನಿಜವಾಗಿ ಹೋದದ್ದು ಅವತ್ತೇ ಅನ್ನಿಸಿತು.