ಮೇಲಿನ ಜಾಗ ನನ್ನದು

ನೆಲ ನೋಡಿ ಬೆಲೆ ಹೇಳುವ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ನಂಬಿದ್ದವಳು ನಾನು. ನನ್ನ ತವರು ಕಾಳಗಿ ಕಡೆ, ಎರೆಭೂಮಿ. ಅಲ್ಲಿ ಹೊಲ ನೋಡಲು ಹೋದವರು ಮೊದಲು ಒಂದು ಹಿಡಿ ಮಣ್ಣು ಎತ್ತಿ ಹಿಸುಕಿ ನೋಡುತ್ತಾರೆ. ಕಲ್ಲು ಕಂಡರೆ ಮುಖ ತಿರುಗಿಸಿ ಬರುತ್ತಾರೆ. ಮದುವೆಯಾಗಿ ವಾಡಿಗೆ ಬಂದೆ. ನಮ್ಮ ಮನೆಯವರಿಗೆ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಕೆಲಸ. ಬಾಯಿ ಸತ್ತ ಮನುಷ್ಯ. ಇಬ್ಬರ ಪಾಲಿನ ಮಾತನ್ನೂ ನಾನೇ ಆಡುತ್ತಿದ್ದೆ.

ಆಗ ಮೈಸೂರು ರಾಜ್ಯಕ್ಕೆ ಇನ್ನೂ ಕರ್ನಾಟಕ ಎಂದು ಹೆಸರಾಗಿರಲಿಲ್ಲ. ಸಿಮೆಂಟ್ ಫ್ಯಾಕ್ಟರಿಗೆ ಬಂದವರು ಕ್ವಾರ್ಟರ್ಸ್ ಸಿಗದೆ ಖೋಲಿ ಹುಡುಕಿಕೊಂಡು ಅಲೆಯುತ್ತಿದ್ದರು. ನಾವೂ ಒಂದೇ ಖೋಲಿಯಲ್ಲಿದ್ದೆವು. ಒಲೆ ಹಚ್ಚಿದರೆ ಹಾಸಿಗೆಯೆಲ್ಲ ಹೊಗೆ. ಒಂದು ಜಾಗ ಹಿಡಿದು ಎರಡು ಖೋಲಿ ಕಟ್ಟಿ, ಒಂದರಲ್ಲಿ ನಾವಿದ್ದು ಇನ್ನೊಂದನ್ನು ಬಾಡಿಗೆಗೆ ಕೊಟ್ಟರೆ ಎಂಬ ಹುಳ ನನ್ನ ತಲೆಯನ್ನು ಹೊಕ್ಕಿತು. ಅವ್ವ ಮದುವೆಯಲ್ಲಿ ಹಾಕಿದ್ದ ಬಂಗಾರದ ಪಾಟ್ಲಿ ಬಳೆ ಮಾರಿದೆ. ಅದು ಅವ್ವನಿಗೆ ಅವಳ ಅವ್ವ ಕೊಟ್ಟದ್ದು, ನನ್ನಿಂದ ನನ್ನ ಮಗಳಿಗೆ ಹೋಗಬೇಕಾದದ್ದು. ಬಾಡಿಗೆ ಬರಲು ಶುರುವಾದರೆ ಮೊದಲು ಅಂಥವೇ ಪಾಟ್ಲಿ ಮಾಡಿಸುತ್ತೇನೆ ಎಂದು ಮನೆಯವರಿಗೆ ಹೇಳಿದೆ, ನನಗೂ ಹೇಳಿಕೊಂಡೆ.

ಎಲ್ಲರೂ ಕಾಕಾ ಎನ್ನುತ್ತಿದ್ದ ಹಿರಿಯರೊಬ್ಬರು ಹಳಿಯ ಆಚೆಗಿದ್ದ ತಮ್ಮ ಬೀಳು ಹೊಲವನ್ನು ತುಂಡು ಮಾಡಿ ಮಾರುತ್ತಿದ್ದರು. ನಾನು ಹೋದವಳೇ ಹಾರೆಯಿಂದ ಒಂದು ಗೇಣು ಅಗೆಸಿದೆ. ಠಣ್ ಎಂದಿತು. ಚೌಕಾಸಿಗೆ ಒಳ್ಳೆಯ ಆಯುಧ ಸಿಕ್ಕಿತು ಎಂದುಕೊಂಡೆ.

“ಕಾಕಾ, ಇದೇನ್ರಿ, ಬರೇ ಕಲ್ಲದ. ಇದಕ್ಕ ಇಷ್ಟು ರೇಟ್ ಹೇಳ್ತೀರಲ್ಲ?”

“ಕಲ್ಲು ಬ್ಯಾಡೇನು ತಂಗಿ ನಿಂಗ?”

“ಕಲ್ಲು ತಗೊಂಡು ತಲಿಗೆ ಬಡ್ಕೊಳ್ಳೇನು? ಅದನ್ನ ನೀವೇ ಇಟ್ಕೋರಿ. ರೇಟ್ ಇಳಸ್ರಿ.”

ಕಾಕಾ ಇಳಿಸಿದರು, ಅದೂ ತಕ್ಷಣ. ಸ್ಟೇಷನ್ ಮುಂದಿನ ಹೋಟೆಲಿಗೆ ಕರೆದೊಯ್ದು, ಅದನ್ನು ನಡೆಸುತ್ತಿದ್ದ ಚಾಚಾನ ಎದುರಿಗೆ ಮಾತನ್ನು ಇನ್ನೊಮ್ಮೆ ಹೇಳಿದರು: “ಮ್ಯಾಲಿನ ಜಾಗ ತಂಗೀದು, ತಳದ ಕಲ್ಲು ನಂದು. ಹೌದಲ್ಲ?” ನಾನು ನಗುತ್ತಾ ಹೌದ್ರಿ ಎಂದೆ. ಚಹಾ ಬಂತು. ನಾಲ್ಕು ಮಂದಿಯ ಎದುರಿಗೆ ಮಾತಾಡಿ ಚಹಾ ಕುಡಿದರೆ ಆ ಮಾತು ಕಾಗದಕ್ಕಿಂತ ಗಟ್ಟಿ. ಚಿತ್ತಾಪುರದಲ್ಲಿ ರಿಜಿಸ್ಟ್ರಿ ಮುಗಿಸಿ ಬರುವಾಗ ನನ್ನ ಜಾಣತನವನ್ನು ದಾರಿಯುದ್ದಕ್ಕೂ ಮನೆಯವರಿಗೆ ಕೊರೆದೆ.

ಆಮೇಲೆ ಬಾಣಂತನಕ್ಕೆ ತವರಿಗೆ ಹೋದೆ. ಹೆಣ್ಣು ಮಗು ಹುಟ್ಟಿತು. ಅವ್ವ ನನ್ನ ಕೈ ನೋಡಿ ಪಾಟ್ಲಿ ಎಲ್ಲಿ ಎಂದಳು. ಜಾಗವಾಗಿದೆ ಎಂದೆ. “ಆಗ್ಲಿ. ಭೂಮಿ ಎಲ್ಲಿಗೂ ಓಡಿ ಹೋಗಂಗಿಲ್ಲ” ಎಂದಳು. ತೊಟ್ಟಿಲಿಗೆ ಹಾಕುವ ದಿನ ಬಂದ ಮನೆಯವರನ್ನು ಜಾಗ ಹೇಗಿದೆ ಎಂದು ಕೇಳಿದೆ. “ಅದ” ಎಂದು ಊಟಕ್ಕೆ ಕುಳಿತರು.

ಕೂಸಿನ ಕತ್ತು ನಿಂತ ಮೇಲೆ ಅವ್ವನನ್ನೂ ಕರೆದುಕೊಂಡು ವಾಡಿಗೆ ಮರಳಿದೆ. ಗಂಟು ಇಳಿಸಿದವಳೇ ಅವ್ವನಿಗೆ ಜಾಗ ತೋರಿಸಲು ಹೊರಟೆ. ಮನೆಯವರು “ನಾಳಿ ಹೋಗೋಣು” ಎಂದರು. ನಾನು ಕೇಳುವವಳೇ? ಹಳಿ ದಾಟಿ ಹೋಗಿ ನಿಂತೆ; ಮನೆಯವರೂ ಹಿಂದೆಯೇ ಬಂದರು.

ಜಾಗ ಇರಲಿಲ್ಲ.

ಇದ್ದದ್ದು ತೆಗ್ಗು. ಆಳು ಮುಳುಗುವಷ್ಟು ಆಳ, ಚಾಕುವಿನಿಂದ ಕೊಯ್ದಂಥ ಅಂಚು. ತಳದಲ್ಲಿ ನಾಲ್ಕೈದು ಜನ ಸುತ್ತಿಗೆ, ಹಾರೆ ಹಿಡಿದು ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸುತ್ತಿದ್ದರು. ದಾರಿ ತಪ್ಪಿರಬೇಕು ಎಂದು ಸುತ್ತ ನೋಡಿದೆ. ನಾವೇ ನೆಟ್ಟ ಗಡಿಗಲ್ಲು ತೆಗ್ಗಿನ ಅಂಚಿನಲ್ಲಿ ವಾಲಿಕೊಂಡು ನಿಂತಿತ್ತು. ಬಾಯಿ ತೆರೆದೆ, ಮಾತು ಹೊರಡಲಿಲ್ಲ. ನನಗೆ ಹಾಗಾದದ್ದು ಅದೇ ಮೊದಲು. ಅವ್ವ ಬಗ್ಗಿ ನೋಡಿ ಕೇಳಿದಳು, “ಇದ್ರಾಗ ಹಾಕಿದ್ದೇನು ನನ್ನ ಪಾಟ್ಲಿ?”

ಮನೆಯವರ ಕಡೆ ತಿರುಗಿದೆ. “ಬಾಣಂತಿ ಇದ್ದಿ. ಎದಿ ಒಡ್ಕೋತಿ ಅಂತ ಹೇಳ್ಲಿಲ್ಲ” ಎಂದರು.

ನೇರ ಹೋಟೆಲಿಗೆ ನುಗ್ಗಿದೆ. ಕಾಕಾ ಅಲ್ಲೇ ಇದ್ದರು. ಬಾಯಿಗೆ ಬಂದದ್ದೆಲ್ಲ ಅಂದೆ. ಅವರಿಗೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಅದೇ ನನ್ನನ್ನು ಇನ್ನಷ್ಟು ದಂಗುಬಡಿಸಿತು.

“ಕುಂದ್ರು ತಂಗಿ. ಕಲ್ಲು ಬ್ಯಾಡ ಅಂದಾಕಿ ನೀನೇ. ಕಲ್ಲು ಬಿಟ್ಟು ಒಂದು ಹಿಡಿ ಮಣ್ಣು ಒಯ್ದಿಲ್ಲ ನಾ.”

ಚಾಚಾ ತಲೆಯಾಡಿಸಿದರು. “ಮಾತು ನನ್ನ ಮುಂದ ಆಗ್ಯಾದ ಬೇಟಿ. ಈ ಕಡಿ ಮ್ಯಾಲಿಂದು ಒಬ್ರು ಕೊಳ್ತಾರ, ತಳದ್ದು ಇನ್ನೊಬ್ರು ಕೊಳ್ತಾರ. ಗೊತ್ತಿಲ್ಲೇನು ನಿಂಗ?”

ಗೊತ್ತಿರಲಿಲ್ಲ. ಫರಸಿ ಕಾಣದವಳೇನಲ್ಲ, ನಾವಿದ್ದ ಖೋಲಿಯ ನೆಲವೂ ಅದೇ. ಮನೆಯವರು ದಿನಾ ವ್ಯಾಗನ್ನಿಗೆ ಹತ್ತಿಸುತ್ತಿದ್ದದ್ದೂ ಅದೇ. ಅದು ಶಹಾಬಾದಿನ ಯಾವುದೋ ಖಣಿಯಿಂದ ಬರುತ್ತದೆ ಎಂದುಕೊಂಡಿದ್ದೆ; ನಾನು ಕೊಂಡದ್ದೇ ಖಣಿ ಎಂದು ಹೊಳೆದಿರಲಿಲ್ಲ. ಬೆಲೆಯೆಲ್ಲ ಇದ್ದದ್ದು ಕಲ್ಲಿಗೆ. ನಾನು ಬಂಗಾರ ಕೊಟ್ಟು ಬಾಳೆಹಣ್ಣಿನ ಸಿಪ್ಪೆ ತಂದಿದ್ದೆ.

ರಾತ್ರಿಯಿಡೀ ಉರಿದೆ. ಬೆಳಿಗ್ಗೆ ಮತ್ತೆ ಅಲ್ಲಿಗೆ ಹೋಗಿ ನೋಡಿದರೆ, ಎಬ್ಬಿಸಿದ ಫರಸಿಯನ್ನೆಲ್ಲ ತೆಗ್ಗಿನ ಪಕ್ಕ ಉಳಿದಿದ್ದ ನನ್ನ ನೆಲದ ಮೇಲೆಯೇ ಒಟ್ಟಿದ್ದರು. ಒಯ್ಯಲು ಬಂಡಿಗಳು ಬರುತ್ತಿದ್ದವು. ನಾನು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಂಡಿಯ ದಾರಿಯಲ್ಲಿ ಕುಳಿತೆ. ಅವ್ವ ಪಕ್ಕದಲ್ಲಿ ಕುಳಿತಳು. ಕಾಕಾ ಓಡಿ ಬಂದರು.

“ಕಲ್ಲು ನಿಮ್ದೇ ಕಾಕಾ. ಮ್ಯಾಲಿನ ಜಾಗ ನಂದು. ಒಟ್ಟಿದ್ದೂ ನನ್ನ ಜಾಗದಾಗ, ಬಂಡಿ ಹಾಯೋದೂ ನನ್ನ ಜಾಗದಾಗ. ಹಾರಿಸ್ಕೊಂಡು ಒಯ್ರಿ.”

ಕಾಕಾ ರುಮಾಲು ತೆಗೆದು ತಲೆ ಕೆರೆದುಕೊಂಡರು. ಚಾಚಾನನ್ನು ಕರೆಸಿದರು. ಚಾಚಾ ಹೊಟ್ಟೆ ಹಿಡಿದು ನಕ್ಕು, “ಮಾತು ಅಂದ್ರ ಮಾತು. ನಿಮಗೂ ಅದೇ, ಆಕಿಗೂ ಅದೇ” ಎಂದರು. ಕಡೆಗೆ ಎರಡು ಖೋಲಿಗೆ ಬೇಕಾದಷ್ಟು ಕಲ್ಲನ್ನು ನನಗೆ ಬಿಟ್ಟು ಕಾಕಾ ದಾರಿ ಪಡೆದರು. ತೆಗ್ಗಿಗೆ ಮೂರು ಮಗ್ಗುಲು ಗೋಡೆ ಆಗಲೇ ಇತ್ತು. ಕಲ್ಲು ಮೇಲೆ ತರಲು ಇಳಿಜಾರು ಬಿಟ್ಟಿದ್ದ ನಾಲ್ಕನೆಯದನ್ನು ಕಟ್ಟಿ ಮೇಲೆ ಫರಸಿ ಮುಚ್ಚಿದೆವು. ಮೆಟ್ಟಿಲಿಳಿದು ಹೋಗುವ ಆ ಖೋಲಿ ಮಳೆಗಾಲದಲ್ಲಿ ಒಸರುತ್ತಿತ್ತು. ವಾಡಿಯ ಬೇಸಿಗೆಯಲ್ಲಿ ಮಾತ್ರ ತಣ್ಣಗಿರುತ್ತದೆಂದು ಫ್ಯಾಕ್ಟರಿಯವರು ಅದು ನನಗೆ ಬೇಕು, ನನಗೆ ಬೇಕು ಎಂದು ಬಂದರು. ಅದರ ಮೇಲೆ ಇನ್ನೊಂದು ಖೋಲಿ ಕಟ್ಟಿಕೊಂಡು ನಾವಿದ್ದೆವು.

ಎರಡು ಮೂರು ವರ್ಷದ ಬಾಡಿಗೆ ಕೂಡಿಸಿಕೊಂಡು ಪಾಟ್ಲಿ ಮಾಡಿಸಲು ಚಿತ್ತಾಪುರಕ್ಕೆ ಹೋದೆ. ಪತ್ತಾರನ ಅಂಗಡಿಯ ಕಟ್ಟೆಯ ಮೇಲೆ ಯಾರೋ ಊರಂಚಿನ ಒಂದು ಜಾಗದ ಮಾತಾಡುತ್ತಿದ್ದರು. ಸಂಜೆ ಮನೆಗೆ ಬಂದಾಗ ನನ್ನ ಕೈಯಲ್ಲಿ ಪಾಟ್ಲಿ ಇರಲಿಲ್ಲ; ಆ ಜಾಗಕ್ಕೆ ಇಸಾರ ಎಂದು ಮುಂಗಡ ಕೊಟ್ಟು ಬಂದಿದ್ದೆ. ಯಾಕೆ ಹಾಗೆ ಮಾಡಿದೆನೋ, ತೆಗ್ಗು ಕಂಡಾಗ ಆದಷ್ಟೇ ಗಾಬರಿ ನನ್ನನ್ನು ನಾನು ಕಂಡು ಆಯಿತು. ಮನೆಯವರು ಒಮ್ಮೆ ನನ್ನ ಕೈ ನೋಡಿದರು, ಒಮ್ಮೆ ಮುಖ ನೋಡಿದರು, ನೀರು ಕುಡಿಯಲು ಎದ್ದು ಹೋದರು.

ಅವ್ವನಿಗೆ ಹೇಗೆ ಹೇಳುವುದು? ಅವಳು ಮತ್ತೆ ತವರಿನಿಂದ ಬಂದಾಗ ಆ ಜಾಗಕ್ಕೇ ಕರೆದೊಯ್ದೆ, ಬೈಯುವುದಿದ್ದರೆ ಅಲ್ಲೇ ಬೈಯಲಿ ಎಂದು. ಮಾರುವವನೂ ಬಂದು ನಿಂತಿದ್ದ. ಅವ್ವ ನನ್ನ ಗಾಜಿನ ಬಳೆ ನೋಡಿದಳು. ಸುತ್ತ ಓಡಾಡುತ್ತಿದ್ದ ನನ್ನ ಮಗಳ ಬರಿಗೈ ನೋಡಿದಳು. ಈಗ ಬಗ್ಗಿ ಮಣ್ಣು ಎತ್ತುತ್ತಾಳೆ ಎಂದುಕೊಂಡೆ. ಎತ್ತಲಿಲ್ಲ. ಹಿಮ್ಮಡಿಯಿಂದ ನೆಲವನ್ನು ಗುದ್ದಿ, ಸದ್ದು ಕೇಳಿ, ಅವನ ಕಡೆ ತಿರುಗಿದಳು.

“ತಳದ ಕಲ್ಲು ಯಾರಿಗಪಾ?”