ಅಮ್ಮನ ಅರಿಷ್ಟ, ಭವ್ಯಳ ವಿಮಾನ

ಕೊರಟಗೆರೆ ಇನ್ನೂ ಎರಡು ಕಿಲೋಮೀಟರ್ ಇತ್ತು. ಕಾರಿನಲ್ಲಿ ಪಕ್ಕ ಕೂತಿದ್ದ ಭವ್ಯ ಇದ್ದಕ್ಕಿದ್ದಂತೆ ಕೇಳಿದಳು: "ಮಾವ, ಬೆಳಿಗ್ಗೆ ಅಜ್ಜಿ ಲೋಟದಲ್ಲಿ ಕೊಟ್ಟಿದ್ದು ಯಾವ ಕಷಾಯ?"

"ಕಷಾಯ ಅಲ್ಲ ಕಣಮ್ಮ, ಅರಿಷ್ಟ. ಅಂಗಡೀದು. ಹೊಟ್ಟೆ ಉಬ್ಬರಕ್ಕೆ ಭಾಳ ಒಳ್ಳೇದು."

"ಗಾಡಿ ನಿಲ್ಸಿ ಮಾವ!"

ಭವ್ಯ ನನ್ನ ಅಕ್ಕನ ಮಗಳು. ಪೈಲಟ್. (ನಮ್ಮ ಐ.ಡಿ.ಹಳ್ಳಿಯಲ್ಲಿ ಈಗಲೂ "ಏರೋಪ್ಲೇನ್ ಡ್ರೈವರಮ್ಮ" ಎಂದೇ ಹೆಸರು.) ಇಷ್ಟು ವರ್ಷ ಕ್ಯಾಪ್ಟನ್ ಪಕ್ಕದ ಸೀಟಿನಲ್ಲಿ ಕೂತವಳು, ಅಂದು ಮಧ್ಯಾಹ್ನ ಮೊದಲ ಸಲ ತಾನೇ ಕ್ಯಾಪ್ಟನ್ ಆಗಿ ಹಾರಬೇಕಿತ್ತು. ಅಜ್ಜಿಯ ಕಾಲಿಗೆ ಬೀಳಲೆಂದು ಊರಿಗೆ ಬಂದಿದ್ದಳು. ಹಿಂದಿನ ದಿನದ ಬಾಡೂಟ ಹೆಚ್ಚಾಗಿ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ನಮ್ಮಮ್ಮ ಸುಮ್ಮನಿರುತ್ತಾರೆಯೇ? ಬಿಸಿನೀರಿಗೆ ಎರಡು ಮುಚ್ಚಳ ಅರಿಷ್ಟ ಬೆರೆಸಿ ಕುಡಿಸಿಬಿಟ್ಟರು.

ಅರಿಷ್ಟದಲ್ಲಿ ಆಲ್ಕೋಹಾಲ್ ಇರುತ್ತದೆಯೇ? ಇರುತ್ತದೆ. ಹುದುಗಿಸಿ ಮಾಡುವ ಔಷಧಿ. ಬಾಟಲಿಯ ಮೇಲೆ ಸಣ್ಣಕ್ಷರದಲ್ಲಿ ಬರೆದೂ ಇರುತ್ತಾರೆ. ಓದುವವರು ಯಾರು?

ಪೈಲಟ್‌ಗಳಿಗೆ ಕಾನೂನು ಬಹಳ ಬಿಗಿ. ವಿಮಾನ ಏರುವ ಮುಂಚಿನ ಹನ್ನೆರಡು ಗಂಟೆ ಒಂದು ಹನಿಯೂ ಕೂಡದು. ಆಲ್ಕೋಹಾಲ್ ಇದ್ದರೆ ಔಷಧಿಯೂ ಇಲ್ಲ, ಬಾಯಿ ಮುಕ್ಕಳಿಸುವ ಮೌತ್‌ವಾಶ್ ಕೂಡ ಇಲ್ಲ. ಡ್ಯೂಟಿಗೆ ಮುಂಚೆ ಮೆಷಿನ್‌ಗೆ ಊದಬೇಕು. ಸಿಕ್ಕಿಬಿದ್ದರೆ ಮೊದಲ ತಪ್ಪಿಗೇ ಲೈಸೆನ್ಸ್ ಅಮಾನತು.

ನಾನು ನನ್ನ ಲೋಕಜ್ಞಾನ ಬಿಚ್ಚಿದೆ. "ಎರಡ್ ಮುಚ್ಳ ತಾನೆ? ಒಂದ್ ಲೋಟ ಮಜ್ಗೆ ಕುಡುದ್ಬುಡು. ಏರ್‌ಪೋರ್ಟ್ ಮುಟ್ಟೋಷ್ಟರಲ್ಲಿ ಇಳ್ದೋಗ್ತದೆ. ಮೆಷಿನ್‌ಗೆ ಹೆಂಗ್ ಗೊತ್ತಾಗ್ತದೆ?"

"ಮೆಷಿನ್‌ಗೆ ಗೊತ್ತಾಗ್ದೇ ಇರ್ಬೋದು ಮಾವ. ನಂಗ್ ಗೊತ್ತಾಯ್ತಲ್ಲ."

ಇಳಿದು ಹುಣಸೇಮರದ ಕೆಳಗೆ ನಿಂತು ಆಫೀಸಿಗೆ ಫೋನ್ ಮಾಡಿದಳು. ಕುಡಿದದ್ದೇನು, ಎಷ್ಟು ಹೊತ್ತಿಗೆ, ಎಲ್ಲವನ್ನೂ ಹೇಳಿದಳು. ಹೋಗಲಿ ಬಿಡಮ್ಮ, ಬಾ ಎಂದಾರೆಂದು ನಾನು ಕಾರಿನಲ್ಲೇ ದೇವರಿಗೆ ಕೈಮುಗಿದೆ. ಎನ್ನಲಿಲ್ಲ.

"ಬೇರೆ ಕ್ಯಾಪ್ಟನ್‌ನ ಕಳಿಸ್ತಾರಂತೆ," ಎನ್ನುವಾಗ ಅವಳ ಕಣ್ಣು ತುಂಬಿತ್ತು. ಮುಂದಿನ ಸರದಿ ಯಾವಾಗ? ಅದನ್ನು ಆಮೇಲೆ ತಿಳಿಸುತ್ತಾರಂತೆ. ನನಗೆ ಸಂಕಟವಾಯಿತು. ಸುಳ್ಳೇಕೆ ಹೇಳಲಿ, ಎದೆಯುಬ್ಬುವಷ್ಟು ಹೆಮ್ಮೆಯೂ ಆಯಿತು.

ಕಾರು ತಿರುಗಿಸಿ ಊರಿಗೆ ಬಂದೆವು. ವಿಷಯ ತಿಳಿದ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತರು. "ನಾನೇ ಕೈಯಾರೆ ಹಾಳ್ ಮಾಡ್ಬುಟ್ನಲ್ಲವ್ವ!"

"ಕುಡಿಯೋ ಮುಂಚೆ ಕೇಳ್ಬೇಕಾಗಿದ್ದು ನಾನು. ಅಳ್ಬೇಡ ಬುಡಜ್ಜಿ," ಎಂದು ಭವ್ಯಳೇ ಅವರ ಕಣ್ಣೊರೆಸಿದಳು. ಕಳೆದುಕೊಂಡವಳೇ ಸಮಾಧಾನ ಹೇಳುವುದನ್ನು ನೋಡುತ್ತಾ ನಾನು ಪೆಚ್ಚಾಗಿ ನಿಂತಿದ್ದೆ.

ಸಂಜೆ ಜಗಲಿಯಲ್ಲಿ ಕೂತಿದ್ದಾಗ ನನ್ನ ಮೊಬೈಲಿಗೆ ಗೆಳೆಯರ ಗುಂಪಿನಿಂದ ಮೆಸೇಜ್ ಬಂತು: "ಮಧುಗಿರಿ ಸರ್ಕಲ್‌ನಲ್ಲಿ ಪೊಲೀಸ್ರು ಊದಿಸ್ತಾವ್ರೆ. ಹಿಂದಿನ್ ಬೀದೀಲಿ ಬಂದ್ಬುಡಿ." ಇಂಥದ್ದು ಬಂದರೆ ತಕ್ಷಣ ಹತ್ತು ಜನಕ್ಕೆ ಫಾರ್ವರ್ಡ್ ಮಾಡುವುದು ನನ್ನ ಅಭ್ಯಾಸ. (ಉಪಕಾರ ಎಂದೇ ಭಾವಿಸಿದ್ದೆ.) ಅಂದು ಬೆರಳು ಏಳಲಿಲ್ಲ.

ನಮ್ಮ ವಿಮಾನ ಓಡಿಸುವವರು ಒಂದು ಹನಿಯನ್ನೂ ಮುಟ್ಟಬಾರದು ಎನ್ನುವ ನಾವು, ಕುಡಿದು ಕಾರು ಓಡಿಸುವವರಿಗೆ ಹಿಂದಿನ ಬೀದಿ ತೋರಿಸುವುದು ಯಾವ ಸೀಮೆಯ ನ್ಯಾಯ ಸ್ವಾಮಿ?