ಆಫೀಸಿನ ಇನ್‌ಬಾಕ್ಸ್ ನನ್ನ ಕೈಗೆ ಬಂದದ್ದು

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಆಫೀಸಿನಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಅದಕ್ಕೊಂದು ಹೂವಿನ ಚಿತ್ರದ ಬಟ್ಟೆಯ ಹೊದಿಕೆ. ಅದನ್ನು ಮುಟ್ಟುವವರು ಚಪ್ಪಲಿ ಹೊರಗೆ ಬಿಟ್ಟು ಬರಬೇಕಿತ್ತು. ಎರಡು ಸಾವಿರದ ಇಸವಿ ದಾಟಿ ಎರಡೋ ಮೂರೋ ವರ್ಷವಾಗಿದ್ದಿರಬೇಕು. ಆಫೀಸೆಂದರೆ ಶಿವಮೊಗ್ಗದ ಹೊರವಲಯದಲ್ಲಿದ್ದ ಒಂದು ಸಣ್ಣ ಎರಕದ ಕಾರ್ಖಾನೆಯ ಮುಂದಿನ ಎರಡು ಕೋಣೆ. ಹಿಂದಿನ ಶೆಡ್ಡಿನಲ್ಲಿ ಕಬ್ಬಿಣ ಕರಗಿಸಿ ಪಂಪು, ಟ್ರ್ಯಾಕ್ಟರುಗಳ ಬಿಡಿಭಾಗಗಳನ್ನು ಎರಕ ಹೊಯ್ಯುತ್ತಿದ್ದರು. ಮುಂದಿನ ಕೋಣೆಗಳಲ್ಲಿ ನಾವು ಅದರ ಕಾಗದಪತ್ರ ನೋಡುತ್ತಿದ್ದೆವು.

ನಾನು ಭದ್ರಾವತಿಯವಳು. ಬಿ.ಕಾಂ. ಮುಗಿಸಿ, ಟೈಪಿಂಗ್ ಪರೀಕ್ಷೆ ಪಾಸು ಮಾಡಿ, ಆರು ತಿಂಗಳು ಕಂಪ್ಯೂಟರ್ ಕ್ಲಾಸಿಗೂ ಹೋಗಿದ್ದೆ. ದಿನಾ ಬೆಳಗ್ಗೆ ಬಸ್ಸು ಹತ್ತಿ ಬಂದು, ಸಂಜೆ ಅದೇ ದಾರಿಯಲ್ಲಿ ವಾಪಸು. ನನ್ನ ಹುದ್ದೆಗೆ ಸರಿಯಾದ ಹೆಸರೇ ಇರಲಿಲ್ಲ. ಟೈಪ್ ಮಾಡುವುದು, ಫೋನ್ ಎತ್ತುವುದು, ಬಂದವರಿಗೆ ನೀರು ಕೊಡುವುದು, ಎಲ್ಲವೂ ನನ್ನದೇ.

ನಮ್ಮ ಯಜಮಾನರ ಮನೆತನದ್ದು ಗಾಂಧಿ ಬಜಾರಿನಲ್ಲಿ ಬಟ್ಟೆ ವ್ಯಾಪಾರ. ಅಣ್ಣತಮ್ಮಂದಿರೆಲ್ಲ ಅಂಗಡಿಯಲ್ಲಿ ಕೂತರೆ ಇವರೊಬ್ಬರು ಹಟ ಹಿಡಿದು ಕಬ್ಬಿಣದ ಕಡೆ ಬಂದಿದ್ದರು. ಹೊಸದೇನು ಬಂದರೂ ಅದು ಮೊದಲು ತಮ್ಮಲ್ಲಿರಬೇಕೆಂಬ ಆಸೆ ಅವರಿಗೆ. ಹಾಗೆಯೇ ಇ-ಮೇಲ್ ವಿಳಾಸವನ್ನೂ ಮಾಡಿಸಿದ್ದರು. ಅದನ್ನು ಲೆಟರ್‌ಹೆಡ್ಡಿನ ಮೇಲೆ, ಬಿಲ್ ಪುಸ್ತಕದ ಮೇಲೆ, ಗೇಟಿನ ಬೋರ್ಡಿನ ಮೇಲೆ ಹಾಕಿಸಿದ್ದು ಸಾಲದೆ ಮಗಳ ಮದುವೆಯ ಕರೆಯೋಲೆಯಲ್ಲೂ ಅಚ್ಚು ಹಾಕಿಸಿದ್ದರು. ಹೀಗಾಗಿ ಗಿರಾಕಿಗಳ ಆರ್ಡರು, ಡ್ರಾಯಿಂಗು, ನೆಂಟರ ಹಬ್ಬದ ಶುಭಾಶಯ, ದೇವರ ಪಟ, ಮುಂದಕ್ಕೆ ಕಳಿಸದಿದ್ದರೆ ಕೆಡುಕಾಗುತ್ತದೆಂದು ಹೆದರಿಸುವ ಸಂದೇಶ, ಎಲ್ಲವೂ ಒಂದೇ ಕಡೆ ಬಂದು ಬೀಳುತ್ತಿದ್ದವು. ಒಂದನ್ನೂ ಅಳಿಸುವಂತಿರಲಿಲ್ಲ. ಅದು ನಮ್ಮ ಮ್ಯಾನೇಜರ ಕಟ್ಟಪ್ಪಣೆ. ಅವರು ಕುಂಸಿ ಕಡೆಯವರು, ಯಜಮಾನರಿಗಿಂತ ಹಿರಿಯರು. ಹಿಂದೊಮ್ಮೆ ಬೀರುವಿನ ಕಾಗದಗಳನ್ನು ಗೆದ್ದಲು ತಿಂದು ತೆರಿಗೆಯವರ ಮುಂದೆ ಕೈಕಟ್ಟಿ ನಿಲ್ಲಬೇಕಾಗಿ ಬಂದಿತ್ತಂತೆ. ಅಂದಿನಿಂದ ಅವರ ಮಟ್ಟಿಗೆ ಬಂದ ಕಾಗದ ಯಾವುದೇ ಇರಲಿ, ಇಟ್ಟುಕೊಳ್ಳಬೇಕಾದದ್ದೇ.

ಒಂದು ಬೆಳಗ್ಗೆ ಯಜಮಾನರು ಇನ್ನೂ ಬಂದಿರಲಿಲ್ಲ, ಮ್ಯಾನೇಜರ್ ಬ್ಯಾಂಕಿಗೆ ಹೋಗಿದ್ದರು. ಫೋನ್ ಬಂತು. ಪುಣೆಯ ಗಿರಾಕಿ ಕಂಪನಿಯ ಅಧಿಕಾರಿ. ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ಅವರು ರೇಗಿದ್ದರ ಸಾರ ಇಷ್ಟು: ಪಂಪಿನ ಒಂದು ಭಾಗದ ಡ್ರಾಯಿಂಗ್ ಬದಲಾಗಿದೆ, ಹೊಸದನ್ನು ಮೇಲಿಂದ ಮೇಲೆ ಮೇಲ್ ಮಾಡಿದರೂ ನಿಮ್ಮ ಡಬ್ಬಿ ತುಂಬಿದೆ ಎಂದು ವಾಪಸು ಬರುತ್ತಿದೆ, ಹಳೆಯದರ ಪ್ರಕಾರ ಮಾಡಿ ಕಳಿಸಿದರೆ ನಾವು ತೆಗೆದುಕೊಳ್ಳುವುದಿಲ್ಲ.

ಫೋನಿಟ್ಟವಳೇ ಶೆಡ್ಡಿಗೆ ಓಡಿದೆ. ನನ್ನ ಎಣಿಕೆ ಸರಿಯಾಗಿತ್ತು. ಅದೇ ಭಾಗಕ್ಕೆ ಮರಳಿನ ಅಚ್ಚುಗಳು ಸಾಲಾಗಿ ಸಿದ್ಧವಾಗುತ್ತಿದ್ದವು, ಮಧ್ಯಾಹ್ನ ಎರಕ ಹೊಯ್ಯುವವರಿದ್ದರು. ಫೋರ್‌ಮನ್ ನಮ್ಮ ಭದ್ರಾವತಿಯವರೇ. ಮನೆಮಾತು ತಮಿಳು, ಆದರೂ ಕನ್ನಡದಲ್ಲೇ ಬೈದು ಕೆಲಸ ತೆಗೆಯುತ್ತಿದ್ದ ಮನುಷ್ಯ. ನಾನು ಹೇಳಿದ್ದನ್ನು ಪೂರ್ತಿ ಕೇಳಿ ಅವರು ತಲೆ ಕೆರೆದುಕೊಂಡರು.

"ಯಜಮಾನ್ರು ಹೇಳ್ಬೇಕಲ್ಲ ಮಾ."

"ಅವರು ಬರೋವರೆಗೆ ನಿಲ್ಸಿ ಅಣ್ಣ. ಬೈದ್ರೆ ನನಗೆ ಬೈಲಿ" ಎಂದೆ.

ನನ್ನ ಮುಖವನ್ನು ಒಂದು ಗಳಿಗೆ ನೋಡಿ ಅವರು ಹುಡುಗರಿಗೆ ಕೈಸನ್ನೆ ಮಾಡಿದರು. ಕೆಲಸ ನಿಂತಿತು. ಕೆಲಸ ನಿಂತ ಶೆಡ್ಡಿನ ಮೌನಕ್ಕೆ ಹೆದರಿಯೇ ನಾನು ಇನ್ನಷ್ಟು ಬೇಗ ಆಫೀಸಿಗೆ ಬಂದೆ. ಇಂಟರ್ನೆಟ್ಟಿಗೆ ಸಂಪರ್ಕ ಹಾಕಿ ಇನ್‌ಬಾಕ್ಸ್ ತೆರೆದೆ. ಕೆಳಗೆ ಕೆಳಗೆ ಹೋದಷ್ಟೂ ಮುಗಿಯದ ಪಟ್ಟಿ. ಮ್ಯಾನೇಜರ ಅಪ್ಪಣೆ ನೆನಪಿತ್ತು. ಆದರೂ ಹಬ್ಬಹಬ್ಬಕ್ಕೂ ಬಂದಿದ್ದ ಭಾರದ ಚಿತ್ರಗಳನ್ನು ಹುಡುಕಿ ಹುಡುಕಿ ಅಳಿಸಿದೆ. ಜಾಗವಾಯಿತು. ಸಂಪರ್ಕ ಕಡಿದು ಪುಣೆಗೆ ಫೋನ್ ಮಾಡಿ ಮತ್ತೊಮ್ಮೆ ಕಳಿಸಿ ಎಂದೆ. ಆಗೆಲ್ಲ ಇಂಟರ್ನೆಟ್ಟಿಗೂ ಫೋನಿಗೂ ಒಂದೇ ತಂತಿ, ಒಂದು ಹಾಕಿದರೆ ಇನ್ನೊಂದು ಇಲ್ಲ. ಪುನಃ ಸಂಪರ್ಕ ಹಾಕಿ ಕೂತೆ. ಡ್ರಾಯಿಂಗ್ ಇಳಿಯಿತು, ಇಂಚಿಂಚಾಗಿ. ಯಜಮಾನರು ಒಳಗೆ ಕಾಲಿಡುವ ಹೊತ್ತಿಗೆ ಅದರ ಪ್ರಿಂಟು ಫೋರ್‌ಮನ್ ಕೈಯಲ್ಲಿತ್ತು. ನಡುವಿನ ರಂಧ್ರದ ಅಳತೆಯೇ ಬದಲಾಗಿತ್ತು.

ಯಜಮಾನರು ಡ್ರಾಯಿಂಗನ್ನೂ ಅಚ್ಚುಗಳನ್ನೂ ನೋಡಿ ಬಂದು ಕುರ್ಚಿಯಲ್ಲಿ ಕೂತರು. ಮೊದಲು ಮಾತಾಡಿದ್ದು ಬ್ಯಾಂಕಿನಿಂದ ಬಂದ ಮ್ಯಾನೇಜರ್. ಯಾರನ್ನು ಕೇಳಿ ಅಳಿಸಿದಿರಿ ಎಂದು ಅವರು ನನ್ನನ್ನು ನಿಲ್ಲಿಸಿ ಕೇಳಿದರು. ನಾನು ಉತ್ತರಿಸುವಷ್ಟರಲ್ಲಿ ಯಜಮಾನರು, ಈ ದರಿದ್ರ ವಿಳಾಸವೇ ಬೇಡ, ಎಲ್ಲ ಮುಚ್ಚಿ ಹೊಸದೊಂದು ಮಾಡೋಣ ಎಂದರು. ಒಬ್ಬರಿಗೆ ಎಲ್ಲವೂ ಬೇಕು, ಇನ್ನೊಬ್ಬರಿಗೆ ಏನೂ ಬೇಡ. ಎಲ್ಲಿಂದ ಧೈರ್ಯ ಬಂತೋ, ಇಬ್ಬರ ನಡುವೆ ಬಾಯಿ ಹಾಕಿದೆ.

"ಸಾರ್, ಹಳೇ ವಿಳಾಸ ಊರೆಲ್ಲ ಗೊತ್ತಿದೆ. ಮುಚ್ಚಿದ್ರೆ ಗಿರಾಕಿಗಳು ಗೇಟಿನ ಹೊರಗೇ ನಿಂತ ಹಾಗಾಗತ್ತೆ. ನನಗೆ ಬಿಡಿ, ನಾನು ಸರಿ ಮಾಡ್ತೀನಿ."

"ಎಷ್ಟು ದಿನ ಬೇಕು?" ಎಂದರು ಯಜಮಾನರು.

"ಗೊತ್ತಿಲ್ಲ ಸಾರ್. ಆದ್ರೆ ಮಾಡ್ತೀನಿ."

ಯಜಮಾನರು ಒಪ್ಪಿದರು, ಆದರೆ ಒಂದು ಷರತ್ತು: ಫೋನ್ ಬಿಡುವಾಗಿರುವ ಊಟದ ಹೊತ್ತಿನಲ್ಲಿ ಮಾತ್ರ. ಹಾಗಾಗಿ ಆ ಮಳೆಗಾಲವೆಲ್ಲ ನಾನು ಎಡಗೈಯಲ್ಲಿ ಮೌಸ್ ಹಿಡಿದು ಬಲಗೈಯಲ್ಲಿ ಚಪಾತಿ ತಿಂದವಳು. ನಡುವೆ ಕರೆಂಟ್ ಹೋದರೆ ಅಂದಿನ ಕೆಲಸ ಅಲ್ಲಿಗೇ.

ಮೊದಲ ದಿನಗಳಲ್ಲಿ ದಿಕ್ಕೇ ತೋಚಲಿಲ್ಲ. ತಿಂಗಳ ಪ್ರಕಾರ ಫೋಲ್ಡರ್ ಮಾಡಿದೆ, ಏನೂ ಉಪಯೋಗವಾಗಲಿಲ್ಲ. ಯಾವ ಮೇಲ್ ಯಾವ ತಿಂಗಳು ಬಂತೆಂದು ಯಾರಿಗೆ ನೆನಪಿರುತ್ತದೆ? ಇದನ್ನು ಮನೆಯಲ್ಲಿ ಹೇಳಿಕೊಂಡೆ. ನಮ್ಮಪ್ಪ ಭದ್ರಾವತಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ದುಡಿದು ನಿವೃತ್ತರಾದವರು. ಕಂಪ್ಯೂಟರ್ ಎಂದರೆ ಟಿ.ವಿ.ಯಂಥದ್ದು ಎಂಬಷ್ಟೇ ಅವರ ತಿಳಿವಳಿಕೆ. ಅಡಿಕೆ ಕತ್ತರಿಸುತ್ತಾ ಕೇಳಿಸಿಕೊಂಡು, ಅವರು ಒಂದೇ ಮಾತು ಹೇಳಿದರು.

"ಸಾಮಾನು ಎಲ್ಲಿ ಹಿಡಿಸತ್ತೆ ಅಂತ ನೋಡ್ಬೇಡ ಕಣಮ್ಮ. ಅದನ್ನ ಕೇಳ್ಕೊಂಡು ಬರೋನು ಏನಂತ ಕೇಳ್ತಾನೆ, ಅದನ್ನ ನೋಡು."

ಮಾರನೆಯ ದಿನದಿಂದ ನಾನು ಆಫೀಸಿನಲ್ಲಿ ಕಿವಿ ತೆರೆದು ಕೂತೆ. ಫೋರ್‌ಮನ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದದ್ದು ಡ್ರಾಯಿಂಗ್ ಬಂತಾ ಎಂದು. ಯಜಮಾನರು ಕೇಳುತ್ತಿದ್ದದ್ದು ಪುಣೆಯವನು ಏನಂದ, ಕೊಯಮತ್ತೂರಿನವನು ಏನಂದ ಎಂದು. ಮ್ಯಾನೇಜರಿಗೆ ಬೇಕಾದದ್ದು ಸರ್ಕಾರದ ಕಡೆಯಿಂದ ಬಂದದ್ದು ಮಾತ್ರ. ಹಾಗೆಯೇ ಫೋಲ್ಡರುಗಳಾದವು: ಡ್ರಾಯಿಂಗ್, ಪುಣೆ, ಕೊಯಮತ್ತೂರು, ಸರ್ಕಾರ. ಯಜಮಾನರು ಆಗಾಗ, "ಇವತ್ತು ಯಾರಾದ್ರೂ ಬೈದಿದಾರಾ?" ಎಂದೂ ಕೇಳುತ್ತಿದ್ದರು. ಅದಕ್ಕಾಗಿ ಇಂಗ್ಲಿಷ್ ಅಕ್ಷರಗಳಲ್ಲಿ 'ಬೈಗುಳ' ಎಂದು ಟೈಪ್ ಮಾಡಿ ಇನ್ನೊಂದು ಫೋಲ್ಡರ್ ಮಾಡಿದೆ. ಗಿರಾಕಿಗಳ ದೂರುಗಳೆಲ್ಲ ಅದಕ್ಕೆ. ಅದನ್ನು ನೋಡಿದ ದಿನ ಯಜಮಾನರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆದರೆ ಮರುದಿನದಿಂದ ಬಂದವರೇ ಮೊದಲು ತೆರೆಸುತ್ತಿದ್ದದ್ದೂ ಅದನ್ನೇ.

ಮ್ಯಾನೇಜರನ್ನು ಒಲಿಸಿಕೊಳ್ಳುವುದು ಸುಲಭವಿರಲಿಲ್ಲ. ಅವರ ಭಯಕ್ಕೆ ಕಾರಣವಿತ್ತು, ಅದನ್ನು ನಾನು ತಳ್ಳಿಹಾಕಲಿಲ್ಲ. ನೀವು ನೋಡದೆ ಇನ್ನು ಒಂದನ್ನೂ ಅಳಿಸುವುದಿಲ್ಲ, ಮುಖ್ಯವಾದದ್ದನ್ನೆಲ್ಲ ಫ್ಲಾಪಿಗೂ ಹಾಕಿಡುತ್ತೇನೆ ಎಂದು ಮಾತು ಕೊಟ್ಟೆ. ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಮೊದಮೊದಲು ದೇವರ ಪಟವನ್ನು ಅಳಿಸುವಾಗಲೂ ಕೈ ಅಡ್ಡ ತರುತ್ತಿದ್ದರು. ಕೈ ಮುಗಿದು ಅಳಿಸೋಣ ಸಾರ್ ಎಂದೆ. ಒಂದು ಪಟಕ್ಕೆ ನಿಜವಾಗಿಯೂ ಕೈ ಮುಗಿದರು. ನಿಧಾನವಾಗಿ ಅವರಿಗೂ ರುಚಿ ಹತ್ತಿತು. ಯಾವ ಗಿರಾಕಿ ಹಳಬ, ಯಾರ ಮಾತಿಗೆ ಯಾವ ಹಿನ್ನೆಲೆ ಎಂಬುದೆಲ್ಲ ಅವರ ನಾಲಗೆ ತುದಿಯಲ್ಲಿತ್ತು. ಉತ್ತರವೇ ಕಾಣದೆ ಉಳಿದಿದ್ದ ಎಷ್ಟೋ ವಿಚಾರಣೆಗಳನ್ನು ಅವರೇ ಬೆರಳಿಟ್ಟು ತೋರಿಸಿದರು. ಕೊನೆಕೊನೆಗೆ ನಾನು ಓದಿ ಮುಗಿಸುವ ಮೊದಲೇ ಅವರ ತೀರ್ಪು ಬರುತ್ತಿತ್ತು: "ಇದನ್ನ ಹಾಕ್ರಿ ಬೈಗುಳಕ್ಕೆ."

ಉಳಿದದ್ದು ಯಜಮಾನರ ಭಾವನವರು. ದಿನಾ ಬೆಳಗ್ಗೆ ಭಾರಿ ಗಾತ್ರದ ಒಂದು ಸೂರ್ಯೋದಯ ಕಳಿಸದೆ ಅವರಿಗೆ ಸಮಾಧಾನವಿಲ್ಲ. ಯಜಮಾನರಿಗೆ ಹೇಳಿದರೆ ಅವರು ಮುಖ ಸಣ್ಣಗೆ ಮಾಡಿಕೊಂಡರು. "ನಾನು ಹೆಂಗೆ ಹೇಳ್ಲಿ ಮಾರಾಯ್ತಿ, ಹೆಂಡ್ತಿ ಅಣ್ಣ. ನೀನೇ ಏನಾದ್ರೂ ಮಾಡು." ಮನೆಯವರಿಗೆಂದೇ ಇನ್ನೊಂದು ವಿಳಾಸ ತೆರೆದೆ. ಕುಟುಂಬದ ಪತ್ರಗಳನ್ನು ಯಜಮಾನರು ಮನೆಯವರ ಜೊತೆ ನೆಮ್ಮದಿಯಾಗಿ ಓದಲು ಇಷ್ಟಪಡುತ್ತಾರೆ ಎಂದು ಭಾವನವರಿಗೆ ಬರೆದೆ. ಅವರು ಸಂತೋಷದಿಂದಲೇ ಸೂರ್ಯೋದಯವನ್ನು ಅತ್ತ ತಿರುಗಿಸಿದರು.

ಇನ್ನು ಉತ್ತರ ಬರೆಯುವ ಕೆಲಸ. ಮೊದಲು ಯಜಮಾನರು ಹೇಳಿದ್ದನ್ನು ಟೈಪ್ ಮಾಡುತ್ತಿದ್ದೆ. ಆಮೇಲಾಮೇಲೆ ಅವರು, ಏನು ಬರೆಯಬೇಕೆಂದು ನಿನಗೇ ಗೊತ್ತಲ್ಲ ಎಂದುಬಿಟ್ಟರು. ಪದಕೋಶ ಪಕ್ಕಕ್ಕಿಟ್ಟುಕೊಂಡು ಬರೆದೆ. ಬಂದ ಮೇಲ್‌ಗೆ ಅಂದೇ ಉತ್ತರ, ತಿಳಿಯದಿದ್ದರೆ ವಿಚಾರಿಸಿ ತಿಳಿಸುತ್ತೇವೆಂಬ ಒಂದು ಸಾಲಾದರೂ ಸರಿ. ಬಿಟ್ಟು ಹೋಗಿದ್ದ ಕೊಯಮತ್ತೂರಿನ ಗಿರಾಕಿಯೊಬ್ಬರು ಹಾಗೆಯೇ ಮರಳಿ ಬಂದರು.

ಚಳಿಗಾಲದಲ್ಲಿ ಪುಣೆಯ ಆ ಅಧಿಕಾರಿಯೇ ಕಾರ್ಖಾನೆ ನೋಡಲು ಬಂದರು. ಫೋನಿನಲ್ಲಿ ಅಷ್ಟು ರೇಗಿದ ಮನುಷ್ಯ ಎದುರಿಗೆ ಮೆತ್ತಗಿದ್ದರು. ಶೆಡ್ಡು ಸುತ್ತಿ ಬಂದು ಚಹಾ ಕುಡಿಯುತ್ತಾ, ಆ ದಿನ ಕೆಲಸ ನಿಲ್ಲಿಸಿದವರು ಯಾರು, ನಮಗೆ ಉತ್ತರ ಬರೆಯುವವರು ಯಾರು ಎಂದು ಕೇಳಿದರು. ಚಹಾದ ಟ್ರೇ ಹಿಡಿದು ನಿಂತಿದ್ದವಳು ನಾನೇ. ಯಜಮಾನರು ಎದ್ದು ನಿಂತು, ನನ್ನ ಕೈಯಿಂದ ಟ್ರೇ ತೆಗೆದು ಮೇಜಿನ ಮೇಲಿಟ್ಟರು.

"ಎರಡೂ ಇವರೇ. ನಮ್ಮ ಆಫೀಸ್ ನಡೆಸೋರು ಇವರೇ."

ಅಂದಿನವರೆಗೆ ನನ್ನನ್ನು ನೀನು, ಅಮ್ಮಾ ಎನ್ನುತ್ತಿದ್ದವರು ಆಮೇಲೆ ಎಂದೂ ಏಕವಚನಕ್ಕೆ ಇಳಿಯಲಿಲ್ಲ. ಟ್ರೇಯೂ ನನ್ನ ಕೈಗೆ ಮತ್ತೆ ಬರಲಿಲ್ಲ. ಹೊಸ ವರ್ಷಕ್ಕೆ ಕಿಟಕಿ ಪಕ್ಕ ನನಗೊಂದು ಮೇಜು ಬಂತು. ಹುದ್ದೆಗೊಂದು ಹೆಸರೂ ಬಂತು. ಅದನ್ನು ಕೈಬರಹದಲ್ಲಿ ಬರೆದು ನನ್ನ ಮುಂದಿಟ್ಟವರು ಮ್ಯಾನೇಜರ್.

ಮುಂದಿನ ಆಯುಧಪೂಜೆಗೆ ಅಪ್ಪನನ್ನು ಕರೆದುಕೊಂಡು ಹೋದೆ. ಯಂತ್ರಗಳಿಗೆಲ್ಲ ಚೆಂಡುಹೂವು, ಕಂಪ್ಯೂಟರಿಗೂ ಕುಂಕುಮ. ಅಪ್ಪ ಶೆಡ್ಡು ನೋಡಿದರು, ಫೋರ್‌ಮನ್ ಜೊತೆ ಹಳೆಯ ಭದ್ರಾವತಿಯ ಮಾತಾಡಿದರು, ಆಮೇಲೆ ನನ್ನ ಮೇಜಿನ ಹತ್ತಿರ ಬಂದು, ನೀನು ಮಾಡಿದ್ದನ್ನು ತೋರಿಸು ಎಂದರು. ಇನ್‌ಬಾಕ್ಸ್ ತೆರೆದೆ. ಬಿಳಿ ಪರದೆ, ಅದರಲ್ಲಿ ಒಂದು ಪತ್ರವೂ ಇಲ್ಲ.

"ಏನೂ ಇಲ್ವಲ್ಲಮ್ಮ" ಎಂದರು.

"ಅದೇ ಅಪ್ಪ. ಇಲ್ಲಿಗೆ ಬಂದಿದ್ದೆಲ್ಲ ಅದರದರ ಜಾಗಕ್ಕೆ ಹೋಗಿದೆ. ಉತ್ತರ ಬಾಕಿ ಇರೋದು ಒಂದೂ ಇಲ್ಲ."

ಅವರು ಕನ್ನಡಕ ಹಾಕಿಕೊಂಡು ಆ ಖಾಲಿ ಪರದೆಯನ್ನು ತುಂಬ ಹೊತ್ತು ನೋಡಿದರು. ಮೂವತ್ತು ವರ್ಷ ಸ್ಟೋರ್ಸಿನಲ್ಲಿ ಕಳೆದ ಮನುಷ್ಯನಿಗೆ ಅದರ ಬೆಲೆಯನ್ನು ನಾನು ಬಿಡಿಸಿ ಹೇಳಬೇಕಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವರಿಗೆ ಸೀಟು ಸಿಕ್ಕಿತು, ನಾನು ಮುಂದೆ ಹೆಂಗಸರ ಕಡೆ ನಿಂತಿದ್ದೆ. ಪಕ್ಕದಲ್ಲಿ ಕೂತವರಿಗೆ ಅಪ್ಪ ನನ್ನನ್ನು ತೋರಿಸುತ್ತಾ ಏನೋ ಹೇಳುತ್ತಿದ್ದರು. ಕಂಡಕ್ಟರನ ಸೀಟಿಯ ಸದ್ದಿನ ನಡುವೆ ನನಗೆ ಕೇಳಿಸಿದ್ದು ಇಷ್ಟೇ: "ಇಡೀ ಕಾರ್ಖಾನೆ ಟಪಾಲು ನಮ್ಮ ಮಗಳ ಕೈಲಿದೆ."